ಓಡಿ ಬಂದವನ ನಾಡಿ

ಬಂದ್ಯೋಡಿನ ನನ್ನ ಅಂಗಡಿಗೆ ಬೋರ್ಡು ಮಲಯಾಳದಲ್ಲಿ,
ಬೈಗುಳ ತುಳುವಿನಲ್ಲಿ, ಲೆಕ್ಕ ಮಾತ್ರ ಕನ್ನಡದಲ್ಲಿ.
ಏಳನೇ ಕ್ಲಾಸಿನ ತನಕ ಕಲಿತ ಅಂಕಿಗಳನ್ನು
ಬೇರೆ ಎಲ್ಲಿ ಖರ್ಚು ಮಾಡಲಿ?
ಉದ್ದ ಪುಸ್ತಕದಲ್ಲಿ ಗಾಡಿಯ ನಂಬರು,
ಎದುರಿಗೆ ೧೨.೬, ೧೨.೨,
ಕೆಲವು ಸಲ ೧೦.೫.
ಆರು ಕೋಣೆಯ ಮನೆಯಲ್ಲಿ
ಒಂದರ ದೀಪ ಹೋಗಿದೆ ಅಂತ ಅರ್ಥ.

ಕಲಿಸಿದವರು ಅಂದುಂಞಿಕ್ಕ.
ಆಸಿಡ್ ತಿಂದು ತಿಂದು ಅವರ ಅಂಗಿಯಲ್ಲಿ
ಉಳಿದದ್ದು ಕಾಲರು, ಮತ್ತೆ ಗುಂಡಿಯ ಪಟ್ಟಿ.
ಮೊದಲ ದಿನ, ಆಗಷ್ಟೇ ಬಂದು ನಿಂತ ಜೀಪಿಗೆ ಮೀಟರು ಹಿಡಿದು
"ಹದಿಮೂರು ಉಂಟು!" ಅಂತ ಕೂಗಿದೆ.
ಹಚ್ಚದ ಬೀಡಿ ಅವರ ತುಟಿಯಲ್ಲಿ
(ನಮ್ಮಲ್ಲಿ ಕಡ್ಡಿ ಗೀರುವ ಹಾಗಿಲ್ಲ):
"ಓಡಿ ಬಂದವನ ನಾಡಿ ನೋಡ್ತೀಯಾ ಐತ್ತಪ್ಪಾ?
ಸುಳ್ಳು ಹೇಳ್ತದೆ. ಪಾಪ, ಬೇಕೂಂತ ಅಲ್ಲ.
ರಾತ್ರಿ ಮಲಗಲಿ.
ಬೆಳಿಗ್ಗೆ, ಯಾರೂ ಬಾಗಿಲು ತೆರೆದು
ಒಳಗಿನ ಲೈಟು ಉರಿಸುವ ಮೊದಲು ಕೇಳು."

ನಮ್ಮ ಕಡೆಯ ಗಾಡಿಗಳು ಓಡಿ ಸಾಯುವುದಿಲ್ಲ,
ನಿಂತು ಸಾಯುತ್ತವೆ.
ಯಜಮಾನ ಶಾರ್ಜಾದಲ್ಲಿ ಹನ್ನೊಂದು ತಿಂಗಳು,
ಪೋರ್ಟಿಕೋದಲ್ಲಿ ಬೆಳ್ಳಿ ಬಣ್ಣದ ಕವರಿನೊಳಗೆ ಗಾಡಿ,
ಅದರೊಳಗೆ ಒಂದು ಗಡಿಯಾರ ಮಾತ್ರ ಎಚ್ಚರ,
ಹನಿ ಹನಿಯಾಗಿ ಕುಡಿಯುತ್ತ.
ಕಡಲ ಗಾಳಿಗೆ ಟರ್ಮಿನಲ್ಲಿನ ಮೇಲೆ ನೀಲಿ ಬೂಷ್ಟು.
ಸೋಡಾಪುಡಿಯ ಬಿಸಿನೀರು, ಹಳೇ ಹಲ್ಲುಜ್ಜುವ ಬ್ರಷ್ಷು,
ಕೊನೆಗೆ ಒಂದು ಬೆರಳು ವ್ಯಾಸಲೀನು.
ರಜೆಗೆ ನಾಲ್ಕು ದಿನ ಮೊದಲು ಎಲ್ಲರಿಗೂ ನನ್ನ ನೆನಪು.

ನೆಬಿಸ ಮಾತ್ರ ಹಾಗಲ್ಲ.
"ವರ್ಷಕ್ಕೊಂದು ಬ್ಯಾಟರಿ ಮಾರಿ ನಿಮಗೆ ನಾಚಿಕೆ ಆಗುದಿಲ್ವಾ?"
ನಾಚಿಕೆಯಾಯಿತು.
ಮುನ್ನೂರು ರೂಪಾಯಿಯ ಮೀಟರು ಕೊಟ್ಟೆ,
ಕೆಂಪು ಎಲ್ಲಿ, ಕಪ್ಪು ಎಲ್ಲಿ, ಬಿಚ್ಚುವಾಗ ಯಾವುದು ಮೊದಲು.
ಸ್ಟಾರ್ಟ್ ಮಾಡಿ ಐದು ನಿಮಿಷ ನಿಲ್ಲಿಸಿದರೆ ಸಾಲದು,
ಕೊಟ್ಟ ಸಾಲವೂ ಹುಟ್ಟುವುದಿಲ್ಲ,
ಅರ್ಧ ಗಂಟೆ ಓಡಬೇಕು ಅಂದೆ.
ಓಡಿಸುವವರು ಯಾರು?
ಆರು ತಿಂಗಳಲ್ಲಿ ಅವಳೇ ಲೈಸನ್ಸು ತೆಗೆದಳು.
ಪ್ರತಿ ಶುಕ್ರವಾರ ಕುಂಬಳೆಗೆ ಹೋಗಿ ಬರುವುದು,
ಶನಿವಾರ ಬೆಳಿಗ್ಗೆ ಫೋನಿನಲ್ಲಿ ಅವಳ ದನಿ:
"ಹನ್ನೆರಡು ಪಾಯಿಂಟ್ ಆರು. ಬರ್ಕೊಳ್ಳಿ."

ಆಮೇಲೆ ರಸ್ತೆಗೆ ಮಣ್ಣು ಸುರಿದ ವರ್ಷ.
ಊರಿಡೀ ಗಾಡಿಗಳು ಮಲಗಿದವು,
ಎಬ್ಬಿಸಿದರೆ ಟಿಕ್, ಟಿಕ್, ಅಷ್ಟೆ.
ಪಕ್ಕದ ಮನೆಯ ಗಿರಿಜಕ್ಕನಿಗೆ ವಾರಕ್ಕೆರಡು ಸಲ
ಮಂಗಳೂರಿನಲ್ಲಿ ರಕ್ತ ತೊಳೆಯಬೇಕು.
ಆ ರಾತ್ರಿ ಓಣಿಯಲ್ಲಿ ಒಂದೇ ಗಾಡಿ
ಒಂದೇ ತಿರುವಿಗೆ ಎದ್ದಿತು.
ತಲಪಾಡಿಯವರೆಗೆ ಹೋದರು.
ಗಾಡಿ ಸ್ಟಾರ್ಟಾಗಿತ್ತು.
ರಸ್ತೆ ಆಗಲಿಲ್ಲ.

ಹತ್ತಿರದ ಊರಿಗೆ ಬೆನ್ನು ಹಾಕಿ
ದೂರದ ಪರಿಯಾರಕ್ಕೆ, ಕತ್ತಲಲ್ಲಿ,
ಶುಕ್ರವಾರದ ಕುಂಬಳೆಯಾಚೆಗೆ ದಾರಿ ಗೊತ್ತಿಲ್ಲದವಳು.

ಮರುದಿನ ಮಧ್ಯಾಹ್ನ ಫೋನು:
"ಈಗಷ್ಟೇ ಬಂದೆವು. ಮೀಟರು ಹಿಡಿಯಲಾ?"
"ಬೇಡ ಮಾರಾಯ್ತಿ" ಅಂದೆ.
ಗಿರಿಜಕ್ಕ ಹೇಗಿದ್ದಾರೆ ಅಂತ ಕೇಳಲು
ಬಾಯಿ ತೆರೆದು ಸುಮ್ಮನಾದೆ.
ಓಡಿ ಬಂದವರು. ಮಲಗಲಿ.

ಪುಸ್ತಕದಲ್ಲಿ ಆ ದಿನದ ಎದುರು ಅಂಕಿಯಿಲ್ಲ,
"ನಾಳೆ" ಅಂತ ಬರೆದದ್ದುಂಟು.
ಅದರ ಕೆಳಗೆ, ನನ್ನದೇ ಅಕ್ಷರ,
ಆ ಗಾಡಿಗೆ ಬರುವ ತಿಂಗಳು
ಡಿಸ್ಟಿಲ್ಡ್ ವಾಟರ್ ನೋಡಬೇಕು.